ಮೂರು ಕಾಲಿನ ಕೆಂಪಿಗೆ ಈಗ ಏನು ಬೇಕು?

ಪ್ರಶ್ನೆ: ನಮ್ಮದು ಶಿವಮೊಗ್ಗ. ನಮ್ಮ ಬೀದಿಯಲ್ಲೇ ಹುಟ್ಟಿ ಬೆಳೆದ ಕೆಂಪಿ ಅನ್ನುವ ಹೆಣ್ಣುನಾಯಿಗೆ ಟೆಂಪೊ ಹೊಡೆದು ಬಲಗಡೆಯ ಹಿಂಗಾಲು ಜಜ್ಜಿಹೋಯಿತು. ಉಳಿಸಲು ಆಗಲ್ಲ ಅಂತ ಡಾಕ್ಟರು ತೊಡೆಯ ಹತ್ತಿರ ಕಾಲು ತೆಗೆದರು. ಒಂಬತ್ತು ದಿನ ಆಯಿತು. ವಯಸ್ಸು ಎರಡು ವರ್ಷ ಇರಬಹುದು, ತೂಕ 14 ಕೆಜಿ. ಈಗ ನಮ್ಮ ಮನೆಯಲ್ಲಿದ್ದಾಳೆ. ನೋವಿನ ಮಾತ್ರೆ ಐದು ದಿನಕ್ಕೆ ಕೊಟ್ಟಿದ್ದರು, ಮುಗಿದಿದೆ. ಮೂರು ರಾತ್ರಿಯಿಂದ ಕುಂಯ್‌ಗುಡುತ್ತಾಳೆ, ಇದ್ದಕ್ಕಿದ್ದಂತೆ ಕಿರುಚಿ ಹಿಂದಕ್ಕೆ ತಿರುಗಿ ನೋಡುತ್ತಾಳೆ. ಹಗಲೆಲ್ಲ ವಾಷಿಂಗ್ ಮೆಷಿನ್ ಹಿಂದೆ ತೂರಿಕೊಂಡಿರುತ್ತಾಳೆ. ಊಟ ಅರ್ಧಂಬರ್ಧ. ಮನೆಯೊಳಗೆ ಉಚ್ಚೆ ಮಾಡುವುದೇ ಇಲ್ಲ, ಒಂದೊಂದು ದಿನ ಹದಿನೈದು ಗಂಟೆ ಕಟ್ಟಿಕೊಂಡಿರುತ್ತಾಳೆ. ಟೈಲ್ಸ್ ಮೇಲೆ ಎರಡು ಸಲ ಜಾರಿ ಬಿದ್ದಳು. ಹೊಲಿಗೆಯ ಕೆಳಗಿನ ತುದಿಯಲ್ಲಿ ಸ್ವಲ್ಪ ನೀರು ಜಿನುಗುತ್ತಿದೆ. ಮೊನ್ನೆ ಎಂಟು ವರ್ಷದ ಮಗ ಮುಟ್ಟಲು ಹೋದಾಗ ಹಲ್ಲು ತೋರಿಸಿ ಗುರ್ ಅಂದಳು. ಹಿಂಬದಿಗೆ ಚಕ್ರದ ಗಾಡಿ ಕಟ್ಟಿಸಬೇಕಾ? ಕೃತಕ ಕಾಲು ಹಾಕಿಸಬಹುದಾ? ವಾಸಿಯಾದ ಮೇಲೆ ವಾಪಸ್ ಬೀದಿಗೆ ಬಿಡೋದಾ? ಪಕ್ಕದ ಮನೆಯವರು "ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಟ್ಟಿದ್ದರೆ ಅದಕ್ಕೇ ಒಳ್ಳೆಯದಿತ್ತು" ಅಂತಾರೆ. ಹೌದಾ?

ಉತ್ತರ: ಇವತ್ತೇ ಮಾಡಬೇಕಾದ ಕೆಲಸ ಒಂದಿದೆ, ಅದನ್ನು ಮೊದಲು ಹೇಳುತ್ತೇನೆ. ಆಪರೇಷನ್ ಮಾಡಿದ ಡಾಕ್ಟರಿಗೆ ಫೋನ್ ಮಾಡಿ. ರಾತ್ರಿ ಅಳುವುದು, ಕಿರುಚಿ ತಿರುಗಿ ನೋಡುವುದು, ಎಲ್ಲವನ್ನೂ ನನಗೆ ಬರೆದ ಹಾಗೆಯೇ ಹೇಳಿ. ಕೆಂಪಿಗೆ ನೋವಾಗುತ್ತಿದೆ. ಐದು ದಿನಕ್ಕೆ ಮಾತ್ರೆ ಮುಗಿದಿದೆ, ಅದರ ಬೆನ್ನಲ್ಲೇ ಅಳು ಶುರುವಾಗಿದೆ, ಲೆಕ್ಕ ಸರಿಹೋಗುತ್ತದೆ ಅಲ್ವಾ?

ಕಾಲು ತೆಗೆಯುವಾಗ ತೊಡೆಯ ಹಿಂಭಾಗದಲ್ಲಿ ಇಳಿಯುವ ದೊಡ್ಡ ನರವನ್ನು ಕತ್ತರಿಸಲೇಬೇಕು. ಆ ನರದ ತುದಿ ಕೆಲವು ವಾರ ಸುಮ್ಮನಿರುವುದಿಲ್ಲ. ಇಲ್ಲದ ಕಾಲಿನ ಸುದ್ದಿಯನ್ನು ಮಿದುಳಿಗೆ ಕಳಿಸುತ್ತಲೇ ಇರುತ್ತದೆ. ಕಾಲು ಕಳೆದುಕೊಂಡ ಮನುಷ್ಯರು ಇದನ್ನು ಬಾಯಿಬಿಟ್ಟು ಹೇಳುತ್ತಾರೆ, ಇಲ್ಲದ ಬೆರಳು ಉರಿಯುತ್ತದೆ ಅಂತ, ಇಲ್ಲದ ಪಾದವನ್ನು ಯಾರೋ ಹಿಂಡಿದ ಹಾಗಾಗುತ್ತದೆ ಅಂತ. ನಾಯಿ ಹೇಳಲಾರದು. ಅದು ಬೆಚ್ಚಿ ಹಿಂದಕ್ಕೆ ತಿರುಗುತ್ತದೆ, ಕಾಲಿದ್ದ ಜಾಗವನ್ನು ಒಂದೇ ಸಮ ನೆಕ್ಕುತ್ತದೆ, ಮಲಗಿದ್ದು ಎದ್ದು ಜಾಗ ಬದಲಿಸಿ ಎರಡು ನಿಮಿಷಕ್ಕೆ ಮತ್ತೆ ಏಳುತ್ತದೆ.

ಸಾಮಾನ್ಯವಾಗಿ ಕೊಡುವ ಮೆಲಾಕ್ಸಿಕ್ಯಾಮ್ ಬಾವು ಇಳಿಸುತ್ತದೆ, ಗಾಯದ ನೋವಿಗೆ ಒಳ್ಳೆಯದು. ಆದರೆ ನರದ ನೋವಿಗೆ ಅದೊಂದೇ ಸಾಲದು. ಅದಕ್ಕೆ ಗ್ಯಾಬಪೆಂಟಿನ್ ಅನ್ನುವ ಬೇರೆ ಔಷಧಿ ಇದೆ. ಎಷ್ಟು, ಎಷ್ಟು ಹೊತ್ತಿಗೊಮ್ಮೆ ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಬೇಕು. ಮೊದಲ ಎರಡು ಮೂರು ದಿನ ಅದರಿಂದ ಮಂಪರು ಬರಬಹುದು, ನಡೆಯುವಾಗ ತೂರಾಡಬಹುದು. ಹೆದರಬೇಡಿ, ಆಗ ಸ್ವಲ್ಪ ಜಾಸ್ತಿ ಹತ್ತಿರ ಇರಿ. ಕೆಲವು ವಾರ ಕೊಟ್ಟ ಮೇಲೆ ನಿಲ್ಲಿಸುವಾಗ ಒಮ್ಮೆಗೇ ನಿಲ್ಲಿಸಬಾರದು, ಇಳಿಸುತ್ತಾ ಬರಬೇಕು. ಮೆಲಾಕ್ಸಿಕ್ಯಾಮ್ ಮುಂದುವರಿಸಲು ಹೇಳಿದರೆ ಊಟದ ಜೊತೆಗೇ ಕೊಡಿ. ಊಟವನ್ನೇ ಬಿಟ್ಟ ದಿನ, ವಾಂತಿ ಮಾಡಿದರೆ, ಕಕ್ಕ ಡಾಂಬರಿನ ಥರ ಕಪ್ಪಗೆ ಅಂಟಂಟಾಗಿ ಬಂದರೆ ಕೊಡುವುದನ್ನು ನಿಲ್ಲಿಸಿ ಫೋನ್ ಮಾಡಿ.

ದಯವಿಟ್ಟು ಮನೆಯ ಮಾತ್ರೆ ಡಬ್ಬಿಗೆ ಕೈ ಹಾಕಬೇಡಿ. ಬ್ರೂಫೆನ್, ಕಾಂಬಿಫ್ಲಾಮ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಡೋಲೊ, ಕ್ರೋಸಿನ್ ಕೂಡ ನಿಮ್ಮ ಅಂದಾಜಿನಲ್ಲಿ ಬೇಡ. ಡೈಕ್ಲೋಫೆನಾಕ್ ಅಂತೂ ಮುಟ್ಟಲೇಬೇಡಿ. ಅದನ್ನು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳು ಸತ್ತದ್ದಕ್ಕೆ ಅದೇ ಕಾರಣ ಅಂತ ಗೊತ್ತಾಗಿ ನಮ್ಮ ದೇಶದಲ್ಲಿ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು 2006ರಲ್ಲೇ ನಿಷೇಧಿಸಿದ್ದಾರೆ, ನಾಯಿಯ ಹೊಟ್ಟೆಗೂ ಅದು ಆಗುವುದಿಲ್ಲ.

ಬೀದಿ ನಾಯಿಯ ನೋವು ಕಣ್ಣಿಗೆ ಬೀಳುವುದು ಕಮ್ಮಿ. ಬೀದಿಯಲ್ಲಿ ಸೋತ ನಾಯಿಯ ಮೇಲೆ ಉಳಿದವು ಬೀಳುತ್ತವೆ, ಹಾಗಾಗಿ ಮುಚ್ಚಿಟ್ಟುಕೊಳ್ಳುವುದು ಅದಕ್ಕೆ ರೂಢಿ. ನೀವು ಒಂದು ಸಣ್ಣ ವಿಷಯ ಗಮನಿಸಿ. ಆರಾಮಾಗಿರುವ ನಾಯಿ ನಿದ್ದೆಯಿಂದ ಎದ್ದ ಕೂಡಲೇ ಮೈ ಮುರಿದು, ತಲೆಯಿಂದ ಬಾಲದ ತುದಿಯವರೆಗೆ ಒಮ್ಮೆ ಕೊಡವುತ್ತದೆ. ನೋವಿರುವ ನಾಯಿ ಕೊಡವುವುದಿಲ್ಲ. ಸುಮ್ನೆ ಎದ್ದು ನಿಂತು, ತಲೆ ತಗ್ಗಿಸಿಕೊಂಡು ಹೆಜ್ಜೆ ಇಡುತ್ತದೆ. ಕೆಂಪಿ ಮೊದಲ ಸಲ ಮೈ ಕೊಡವಲು ಹೋಗಿ ಪಕ್ಕಕ್ಕೆ ವಾಲಿದರೂ ಪರವಾಗಿಲ್ಲ, ಕೊಡವಿದಳು ಅನ್ನುವುದೇ ಒಳ್ಳೆಯ ಸುದ್ದಿ. ತಂಪಾದ ಹೊತ್ತಿನಲ್ಲಿ, ಓಡಾಡದೆ ಮಲಗಿದ್ದಾಗಲೂ ಬಾಯಿ ತೆರೆದು ಏದುಸಿರು ಬಿಡುವುದು ಇನ್ನೊಂದು ಗುರುತು.

ಗಾಯದ ವಿಷಯ. ಮೊದಲ ಎರಡು ಮೂರು ದಿನ ತಿಳಿಗೆಂಪು ನೀರು ಜಿನುಗುವುದು ಮಾಮೂಲಿ. ಒಂಬತ್ತನೇ ದಿನ ಜಿನುಗುತ್ತಿದೆ ಅಂದರೆ ಡಾಕ್ಟರು ಒಮ್ಮೆ ನೋಡಲೇಬೇಕು. ಒಳಗೆ ನೀರು ತುಂಬಿ ಮೆತ್ತಗೆ ಊದಿಕೊಂಡಿದ್ದು, ಅದು ತುದಿಯಿಂದ ಸೋರುತ್ತಿರಬಹುದು. ಬಿಸಿ ಇಲ್ಲ, ವಾಸನೆ ಇಲ್ಲ ಅಂದರೆ ಅದು ಬಹುತೇಕ ತಾನಾಗಿಯೇ ಇಳಿಯುತ್ತದೆ, ಸೂಜಿ ಚುಚ್ಚಿ ತೆಗೆಯಲು ಹೋಗಬೇಡಿ. ಹಳದಿಯಾಗಿ ಮಂದವಾಗಿ ಬರುತ್ತಿದ್ದರೆ, ವಾಸನೆ ಬಂದರೆ, ಮುಟ್ಟಿದರೆ ಸುಡುತ್ತಿದ್ದರೆ ಅದು ಕೀವು. ಅಂಥದ್ದಾದರೆ ನಾಳೆ ಅನ್ನಬೇಡಿ. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ರಸ ಯಾವುದೂ ಹೊಲಿಗೆಯ ಮೇಲೆ ಬೇಡ. ಅರಿಶಿನ ಹೆಪ್ಪುಗಟ್ಟಿ ಕೂತರೆ ಅಡಿಯಲ್ಲಿ ಏನಾಗುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ, ಜೊತೆಗೆ ಆ ಜಾಗ ನೆಕ್ಕಲು ಅವಳಿಗೆ ಇನ್ನೊಂದು ನೆಪ ಸಿಗುತ್ತದೆ.

ಗಾಯ ನೆಕ್ಕದ ಹಾಗೆ ತಡೆಯುವ ಕೋನ್ ಕುತ್ತಿಗೆಗೆ ಹಾಕಿದ್ದೀರಾ? ನೀವು ಬರೆದಿಲ್ಲ. ಹಾಕಿಲ್ಲದಿದ್ದರೆ ಇವತ್ತೇ ಹಾಕಿ, ಹೊಲಿಗೆ ಬಿಚ್ಚುವ ತನಕ ಇರಲಿ. ಪಾಪ ಅನ್ನಿಸುತ್ತದೆ, ನಿಜ. ಆದರೆ ಒಂದು ರಾತ್ರಿಯಲ್ಲಿ ಎಲ್ಲ ಹೊಲಿಗೆಯನ್ನೂ ಕಿತ್ತುಕೊಂಡು ಮತ್ತೆ ಅರಿವಳಿಕೆ ಕೊಡಿಸಿಕೊಳ್ಳುವ ನಾಯಿಗಳು ಬೇಕಾದಷ್ಟಿವೆ. ಊಟ ಮಾಡುವಾಗ ನೀವು ಎದುರಿಗೆ ಕೂತು ಬಿಚ್ಚಿ, ಮುಗಿದ ಮೇಲೆ ಹಾಕಿ. ಪ್ಲಾಸ್ಟಿಕ್ ಕೋನ್ ಗೋಡೆಗೆ ಬಡಿದು ಅವಳಿಗೆ ಗಾಬರಿಯಾಗುತ್ತಿದ್ದರೆ, ಹಳೆಯ ಟಿ-ಶರ್ಟನ್ನು ಹಿಂದುಮುಂದಾಗಿ ತೊಡಿಸಿ, ಬಾಲ ಕುತ್ತಿಗೆಯ ತೂತಿನಿಂದ ಬರುವ ಹಾಗೆ ಮಾಡಿ, ಸೊಂಟದ ಮೇಲೆ ಗಂಟು ಹಾಕಬಹುದು. ಉಚ್ಚೆಯಲ್ಲಿ ಒದ್ದೆಯಾಗುತ್ತದೆ, ದಿನಕ್ಕೆ ಎರಡು ಮೂರು ಸಲ ಬದಲಿಸಬೇಕು. ನೀವು ನೋಡುತ್ತಾ ಇರುವ ಹೊತ್ತಿಗೆ ಇದು ಸಾಕು, ರಾತ್ರಿಗೆ ಕೋನೇ ಇರಲಿ. ಹೊಲಿಗೆಯನ್ನು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕನೇ ದಿನದ ಒಳಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಸ್ನಾನ ಬೇಡ.

ಮಳೆ ಹಿಡಿದಿದ್ದರೆ ನೊಣದ ಮೇಲೆ ಕಣ್ಣಿಡಿ. ಒದ್ದೆ ಗಾಯದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳ ಆಗುತ್ತದೆ. ಬೆಳಿಗ್ಗೆ ಸಂಜೆ ಬೆಳಕಿನಲ್ಲಿ ನೋಡಿ, ಹೊಲಿಗೆಯ ಸಂದಿನಲ್ಲಿ ಅಕ್ಕಿನುಚ್ಚಿನ ಥರ ಬಿಳಿ ಚುಕ್ಕೆ ಕಂಡರೆ ತಕ್ಷಣ ಆಸ್ಪತ್ರೆಗೆ. ಮಲಗುವ ಜಾಗಕ್ಕೆ ಸೊಳ್ಳೆ ಪರದೆ ಕಟ್ಟಿದರೆ ಬಹಳ ಉಪಕಾರ.

ಊಟ ಅರ್ಧಂಬರ್ಧ ಅಂದಿದ್ದೀರಿ. ನೋವೇ ಕಾರಣ ಇರಬಹುದು, ಆದರೆ ನಮ್ಮ ಕಡೆಯ ಬೀದಿ ನಾಯಿಗಳಲ್ಲಿ ನಾನು ಇನ್ನೊಂದನ್ನೂ ನೋಡದೆ ಬಿಡುವುದಿಲ್ಲ. ಅದು ಉಣ್ಣೆ ಜ್ವರ. ಉಣ್ಣೆ ಕಚ್ಚಿದಾಗ ರಕ್ತಕ್ಕೆ ಸೇರುವ ರೋಗಾಣುಗಳು ತಿಂಗಳುಗಟ್ಟಲೆ ಅಡಗಿ ಕೂತಿದ್ದು, ಅಪಘಾತ, ಆಪರೇಷನ್ ಅಂತ ಮೈ ಸೋತಾಗ ತಲೆ ಎತ್ತುತ್ತವೆ. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ವಾಪಸ್ ಬರಬೇಕು. (ಅವಳು ಬಿಟ್ಟರೆ ಮಾತ್ರ ನೋಡಿ, ಬಲವಂತ ಬೇಡ.) ಒಸಡು ಬಿಳಿಚಿಕೊಂಡಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಜ್ವರ ಇದ್ದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ನಾಯಿಯ ಮಾಮೂಲಿ ಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮಗಿಂತ ಜಾಸ್ತಿ. ಹಾಗಾಗಿ ಕಿವಿ ಮುಟ್ಟಿ "ಸುಡ್ತಾ ಇದೆ" ಅಂದುಕೊಳ್ಳುವುದು ಲೆಕ್ಕಕ್ಕಿಲ್ಲ. 103 ದಾಟಿದರೆ ಡಾಕ್ಟರಿಗೆ ಹೇಳಿ. ಉಣ್ಣೆ ಅಂದ ಕೂಡಲೇ ನಿಮ್ಮ ಜಿಲ್ಲೆಯವರಿಗೆ ಮಂಗನ ಕಾಯಿಲೆ ನೆನಪಾಗುತ್ತದೆ. ಅದನ್ನು ಹರಡುವುದು ಮುಖ್ಯವಾಗಿ ಕಾಡಿನ ಉಣ್ಣೆ, ಪೇಟೆ ನಾಯಿಯ ಮೈಮೇಲೆ ಸಾಮಾನ್ಯವಾಗಿ ಕಾಣುವ ಕಂದು ಉಣ್ಣೆ ಬೇರೆ ಜಾತಿ. ಆದರೂ ಯಾವ ಉಣ್ಣೆಯನ್ನೂ ಬೆರಳಿನಲ್ಲಿ ಹಿಚುಕಬೇಡಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕು ಅಂದುಕೊಂಡ ಮಾತು. ನೀವು ಬರೆದ ಪತ್ರದ ತುಂಬ ಕಾಲಿನ ಚಿಂತೆ ಇದೆ. ನನಗೆ ಚಿಂತೆ ಆಗಿರುವುದು ಅವಳ ಬೀದಿಯ ಬಗ್ಗೆ. ಎರಡು ವರ್ಷ ಕೆಂಪಿ ತನಗೆ ಬೇಕಾದಲ್ಲಿ ಮಲಗಿದ್ದಾಳೆ, ಹೆದರಿಕೆಯಾದಾಗ ಓಡಿದ್ದಾಳೆ, ಯಾರು ಬಂದರು ಯಾರು ಹೋದರು ಅಂತ ಎಲ್ಲವನ್ನೂ ಮೂಸಿ ತಿಳಿದುಕೊಂಡಿದ್ದಾಳೆ, ಜೊತೆಗಾರ ನಾಯಿಗಳ ಮೈಗೆ ಮೈ ತಾಗಿಸಿಕೊಂಡು ರಾತ್ರಿ ಕಳೆದಿದ್ದಾಳೆ. ಒಂದೇ ದಿನದಲ್ಲಿ ಅದೆಲ್ಲ ಹೋಯಿತು. ಗಾಯ ವಾಸಿಯಾಗಲು ಓಡಾಟ ನಿಲ್ಲಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಓಡಿಹೋಗುವ ದಾರಿ ಕಳೆದುಕೊಂಡ ನಾಯಿಗೆ ಚಿಕ್ಕಚಿಕ್ಕ ವಿಷಯಗಳಲ್ಲಾದರೂ "ಬೇಡ" ಅನ್ನುವ ಸ್ವಾತಂತ್ರ್ಯ ಕೊಡಬೇಕು. ಎಲ್ಲಿ ಮಲಗಬೇಕು, ಯಾರ ಹತ್ತಿರ ಹೋಗಬೇಕು, ಯಾವಾಗ ಮುಟ್ಟಿಸಿಕೊಳ್ಳಬೇಕು, ಇಷ್ಟು ಅವಳ ಕೈಯಲ್ಲಿರಲಿ.

ವಾಷಿಂಗ್ ಮೆಷಿನ್ ಹಿಂದಿನಿಂದ ಅವಳನ್ನು ಎಳೆಯಬೇಡಿ. ಅಲ್ಲಿ ವೈರು, ನೀರು ಇದೆ, ಜಾಗ ಒಳ್ಳೆಯದಲ್ಲ, ನಿಜ. ಅದಕ್ಕಿಂತ ಒಳ್ಳೆಯ ಅಡಗುದಾಣ ಮಾಡಿಕೊಡಿ. ಮೂಲೆಯಲ್ಲಿ ಒಂದು ಟೇಬಲ್ ಇಟ್ಟು, ಮೂರು ಕಡೆ ಬೆಡ್‌ಶೀಟ್ ಇಳಿಬಿಟ್ಟು, ಅಡಿಯಲ್ಲಿ ದಪ್ಪ ಹಾಸಿಗೆ ಹಾಕಿ. ಬೆನ್ನ ಹಿಂದೆ ಗೋಡೆ, ಎದುರಿಗೆ ಬಾಗಿಲು ಕಾಣಬೇಕು. ಬೀದಿ ನಾಯಿ ಮಲಗುವ ಜಾಗ ಹುಡುಕುವುದೇ ಹೀಗೆ, ಅಂಗಡಿ ಕಟ್ಟೆಯ ಕೆಳಗೆ, ನಿಂತ ಕಾರಿನ ಅಡಿ. ನೀರು, ಊಟ ಅಲ್ಲೇ ಹತ್ತಿರ ಇಡಿ. ಅವಳು ಬಂದು ಮಲಗಿದ ಮೇಲೆ ಮೆಷಿನ್ ಹಿಂದಿನ ಸಂದು ಮುಚ್ಚಿ. ಕಬ್ಬಿಣದ ಬೋನಿನಲ್ಲಿ ಕೂಡಿಹಾಕಿ ಅಂತ ಯಾರಾದರೂ ಹೇಳಬಹುದು. ಮನೆಯಲ್ಲಿ ಮರಿಯಿಂದ ಬೆಳೆದ ನಾಯಿಗೆ ಅದು ಸರಿಹೋಗುತ್ತದೆ. ಬೀದಿಯಿಂದ ಬಂದದ್ದು ಬಾಗಿಲು ಕಚ್ಚಿ ಹಲ್ಲು ಮುರಿದುಕೊಳ್ಳಬಹುದು, ಹೊಲಿಗೆಯನ್ನೂ ಹರಿದುಕೊಳ್ಳಬಹುದು. ಒಂದು ಚಿಕ್ಕ ರೂಮು, ಬಾಗಿಲಿಗೆ ಮೊಣಕಾಲೆತ್ತರದ ಅಡ್ಡ ಹಲಗೆ, ಅಷ್ಟು ಸಾಕು. ಸರಪಳಿಯಲ್ಲಿ ಕಟ್ಟಲೇಬೇಡಿ, ಮೂರು ಕಾಲಿನಲ್ಲಿ ಸುತ್ತಿಕೊಂಡು ಬೀಳುತ್ತಾಳೆ.

ಮಗನ ಮೇಲೆ ಗುರ್ ಅಂದದ್ದಕ್ಕೆ ಬೈದಿಲ್ಲ ತಾನೇ? ಬೈಯಬೇಡಿ. ಹಲ್ಲು ತೋರಿಸಿ ಹೇಳಿದಳು, ಕಚ್ಚಲಿಲ್ಲ. ಆ ಎಚ್ಚರಿಕೆಯನ್ನು ಹೊಡೆದು ಬಡಿದು ಅಡಗಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತಾಳೆ. ಗುರ್ ಅನ್ನುವ ಮುಂಚೆಯೂ ಅವಳು ಹೇಳಿರುತ್ತಾಳೆ: ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಬರದಿದ್ದರೂ ಆಕಳಿಸುವುದು, ಮುಖ ಆಚೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವ ಹಾಗೆ ನೋಡುವುದು, ಮೈ ಬಿಗಿಹಿಡಿದು ಅಲ್ಲಾಡದೆ ನಿಲ್ಲುವುದು. ಮಗನಿಗೆ ಇವನ್ನು ಕಲಿಸಿ, ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ. ಸದ್ಯಕ್ಕೆ ಅವನಿಗೆ ಒಂದೇ ಕೆಲಸ ಕೊಡಿ. ದಿನಕ್ಕೆ ನಾಲ್ಕೈದು ಸಲ ದೂರದಿಂದ ಹಾದುಹೋಗುತ್ತಾ, ಅವಳ ಕಡೆ ನೋಡದೆ, ಬೇಯಿಸಿದ ಕೋಳಿಯ ಒಂದು ಚೂರು ಎಸೆದು ಹೊರಟುಹೋಗಲಿ. ದೊಡ್ಡವರು ಯಾರಾದರೂ ಪಕ್ಕದಲ್ಲಿ ಇರಲೇಬೇಕು. ಕೆಲವು ದಿನದಲ್ಲಿ ಇವನ ಹೆಜ್ಜೆ ಸದ್ದಿಗೆ ಅವಳ ಕಿವಿ ನಿಮಿರುತ್ತದೆ. ತಾನಾಗಿ ಬಂದು ಮೂಸುವ ತನಕ ಅವನು ಕೈ ಚಾಚಬಾರದು. ಬಂದ ಮೇಲೂ ಎದೆಯ ಹತ್ತಿರ ಎರಡು ಮೂರು ಸೆಕೆಂಡು ಸವರಿ ಕೈ ತೆಗೆಯಲಿ. ಇನ್ನೂ ಬೇಕಿದ್ದರೆ ಅವಳೇ ಒರಗುತ್ತಾಳೆ.

ಇಲ್ಲೇ ಒಂದು ಗಂಭೀರ ಮಾತು. ಅಪಘಾತದ ದಿನ ಅವಳನ್ನು ಎತ್ತುವಾಗ ಯಾರಿಗಾದರೂ ಹಲ್ಲು ತಾಗಿತ್ತಾ, ಗೀರಾಗಿತ್ತಾ, ಕೈಯ ಹಸಿ ಗಾಯಕ್ಕೆ ಜೊಲ್ಲು ಬಿದ್ದಿತ್ತಾ? ಹಾಗಿದ್ದರೆ ಇಷ್ಟು ದಿನ ಆಯಿತಲ್ಲ ಅಂತ ಬಿಡಬೇಡಿ. ಸರ್ಕಾರಿ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ವಿಷಯ ಕೇಳಿ. ಮುಂದೆ ಯಾವತ್ತಾದರೂ ಕಚ್ಚಿದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅವತ್ತೇ ಹೋಗಿ. ಅವಳಿಗೆ ರೇಬಿಸ್ ಲಸಿಕೆ ಆಗಿದೆಯಾ ಅಂತ ಆಪರೇಷನ್ ಮಾಡಿದವರನ್ನು ಕೇಳಿ. ಕಿವಿಯ ತುದಿ ಕತ್ತರಿಸಿದ್ದರೆ ಸಂತಾನಹರಣ ಆಪರೇಷನ್ ಜೊತೆ ಯಾವಾಗಲೋ ಲಸಿಕೆ ಆಗಿದೆ ಅಂತ ಅರ್ಥ, ಆದರೆ ಅದನ್ನು ಪ್ರತಿ ವರ್ಷ ಹಾಕಿಸಬೇಕು.

ಉಚ್ಚೆ ಕಟ್ಟಿಕೊಳ್ಳುವುದಕ್ಕೆ ಎರಡು ಕಾರಣ. ಬೀದಿ ನಾಯಿ ತಾನು ಮಲಗುವ ಜಾಗ ಹೊಲಸು ಮಾಡುವುದಿಲ್ಲ, ಟೈಲ್ಸ್ ಮೇಲೆ ಮಾಡುವುದು ಅದಕ್ಕೆ ಗೊತ್ತೇ ಇಲ್ಲ. ಮತ್ತೆ, ಹೆಣ್ಣುನಾಯಿ ಉಚ್ಚೆಗೆ ಹಿಂಗಾಲು ಎರಡನ್ನೂ ಮಡಿಸಿ ತಗ್ಗಬೇಕು, ಒಂದೇ ಕಾಲಿನ ಮೇಲೆ ತಗ್ಗಿ ನಿಲ್ಲುವ ಶಕ್ತಿ ಈಗ ಇಲ್ಲ. ಬಿದ್ದುಬಿಡುತ್ತೇನೆ ಅನ್ನುವ ಭಯಕ್ಕೆ ತಡೆದುಕೊಳ್ಳುತ್ತಾಳೆ. ಒಂದು ಸ್ನಾನದ ಟವೆಲನ್ನು ಉದ್ದಕ್ಕೆ ಮಡಿಸಿ ಹೊಟ್ಟೆಯ ಕೆಳಗೆ, ಉಳಿದ ಕಾಲಿನ ಸ್ವಲ್ಪ ಮುಂದೆ ಬರುವ ಹಾಗೆ ಹಾಕಿ, ಎರಡು ತುದಿಯನ್ನೂ ಮೇಲೆ ಹಿಡಿದುಕೊಳ್ಳಿ. ಎತ್ತಬೇಡಿ. ವಾಲಿದರೆ ತಡೆಯುವಷ್ಟು ಹಿಡಿತ ಸಾಕು. ಟವೆಲ್ ಗಾಯಕ್ಕೆ ತಾಗಬಾರದು. ಮಣ್ಣು, ಹುಲ್ಲು ಇರುವ ಕಡೆ ಕರೆದುಕೊಂಡು ಹೋಗಿ, ಅವಳ ಹಳೆಯ ಜಾಗವೇ ಆದರೆ ಇನ್ನೂ ಒಳ್ಳೆಯದು. ಬೇರೆ ನಾಯಿಗಳ ವಾಸನೆ ಇರುವಲ್ಲಿ ಬೇಗ ಮಾಡುತ್ತಾಳೆ. ಬೆಳಿಗ್ಗೆ ಎದ್ದ ಕೂಡಲೇ, ಪ್ರತಿ ಊಟದ ನಂತರ, ರಾತ್ರಿ ಮಲಗುವ ಮುಂಚೆ, ದಿನಕ್ಕೆ ಐದು ಸಲವಾದರೂ. ಮಳೆಗೆ ಹೊರಗೆ ಹೋಗಲು ಆಗದಿದ್ದರೆ ಅಗಲವಾದ ಟ್ರೇನಲ್ಲಿ ಅವಳ ಹಳೆಯ ಜಾಗದ ಮಣ್ಣನ್ನೇ ತುಂಬಿ ಮನೆಯ ಹೊರಗೆ ನೆರಳಲ್ಲಿಡಿ. ಪೂರ್ತಿ ಒಂದು ದಿನ ಉಚ್ಚೆ ಮಾಡದಿದ್ದರೆ, ಅಥವಾ ತಿಣುಕಿದರೂ ಹನಿಹನಿಯಾಗಿ ಬಂದರೆ ಆಸ್ಪತ್ರೆಗೆ ಹೋಗಿ. ಗುದ್ದಿದ ಏಟಿಗೆ ಒಳಗೆ ಬೇರೆ ಪೆಟ್ಟಾಗಿದ್ದರೂ ಹೀಗಾಗುತ್ತದೆ.

ಟೈಲ್ಸ್ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಉಳಿದಿರುವ ಒಂದೇ ಹಿಂಗಾಲು ಜಾರಿ ಮಂಡಿಯ ಒಳಗಿನ ಕಟ್ಟು ಹರಿದರೆ ಅವಳಿಗೆ ನಿಲ್ಲಲು ಕಾಲೇ ಇರುವುದಿಲ್ಲ. ಮಲಗುವ ಜಾಗದಿಂದ ನೀರಿನ ಬಟ್ಟಲಿಗೆ, ಅಲ್ಲಿಂದ ಬಾಗಿಲಿಗೆ, ಒಂದು ದಾರಿಯಷ್ಟು ಅಗಲಕ್ಕೆ ಜಾರದ ಮ್ಯಾಟ್ ಹಾಸಿ. ಯೋಗ ಮ್ಯಾಟ್ ಚೆನ್ನಾಗಿ ಹಿಡಿಯುತ್ತದೆ. ರಬ್ಬರ್ ತಳದ ಕಾಲೊರಸು, ಅಂಚಿಗೆ ಟೇಪ್ ಹಚ್ಚಿದ ಗೋಣಿಚೀಲ ಕೂಡ ಆಗುತ್ತದೆ. ಬರೀ ಬೆಡ್‌ಶೀಟ್ ಹಾಸಿದರೆ ಅದೇ ಜಾರುತ್ತದೆ. ಉಗುರು ಉದ್ದ ಇದ್ದರೆ ಕತ್ತರಿಸಿ. ಮೆಟ್ಟಿಲು ಸದ್ಯಕ್ಕೆ ಬೇಡ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ.

ಗಾಡಿ ಬೇಡ. ಅದು ಬೆನ್ನುಮೂಳೆಗೆ ಪೆಟ್ಟಾಗಿ ಹಿಂದಿನ ಎರಡೂ ಕಾಲು ಬಿದ್ದುಹೋದ ನಾಯಿಗಳಿಗೆ. ಕೃತಕ ಕಾಲೂ ಆಗುವುದಿಲ್ಲ, ತೊಡೆಯ ಹತ್ತಿರ ತೆಗೆದ ಮೇಲೆ ಅದನ್ನು ಸಿಕ್ಕಿಸಲು ಕಾಲಿನ ಭಾಗವೇ ಉಳಿದಿರುವುದಿಲ್ಲ. ಅವಳಿಗೆ ಅದರ ಅಗತ್ಯವೂ ಇಲ್ಲ. ನಾಯಿ ನಿಂತಾಗ ಮೈಭಾರದಲ್ಲಿ ಸುಮಾರು 60 ಪಾಲು ಮುಂಗಾಲುಗಳ ಮೇಲೆ, 40 ಪಾಲು ಹಿಂಗಾಲುಗಳ ಮೇಲೆ ಇರುತ್ತದೆ. ಹಿಂಗಾಲು ಹೋದವರಿಗೆ ಅಷ್ಟರಮಟ್ಟಿಗೆ ಅನುಕೂಲ. ಕೆಂಪಿಯನ್ನು ಹಿಂದಿನಿಂದ ನೋಡುತ್ತಾ ಬನ್ನಿ, ಎಡಗಡೆ ಇರಬೇಕಾದ ಪಾದ ವಾರದಿಂದ ವಾರಕ್ಕೆ ಒಳಗೆ ಸರಿದು ನಡುಮಧ್ಯಕ್ಕೆ ಬರುತ್ತದೆ, ಬಾಲ ಒಂದು ಕಡೆಗೆ ಬೀಸಿ ತೂಕ ಸರಿದೂಗಿಸುತ್ತದೆ. ಯಾರೂ ಹೇಳಿಕೊಡಬೇಕಿಲ್ಲ. ಒಂದು ತಿಂಗಳ ಹೊತ್ತಿಗೆ ಅವಳ ಓಟ ನೋಡಿ ನಿಮಗೇ ಆಶ್ಚರ್ಯ ಆಗಬಹುದು. ಮೂರು ಕಾಲಿನ ನಾಯಿಗೆ ಓಡುವುದು ಸುಲಭ, ನಿಧಾನವಾಗಿ ನಡೆಯುವುದೇ ಕಷ್ಟ. ಅದಕ್ಕೇ ಅವು ಎಗರುತ್ತಾ ಹೋಗುತ್ತವೆ, ನಾವು ಗುಣವಾಯಿತು ಅಂದುಕೊಂಡು ಬಿಟ್ಟುಬಿಡುತ್ತೇವೆ, ಉಳಿದ ಕಾಲು ದಣಿಯುತ್ತದೆ.

ಹಾಗಾಗಿ ಹೊಲಿಗೆ ಬಿಚ್ಚುವ ತನಕ ಉಚ್ಚೆಗೆ ಹೋಗಿಬರುವಷ್ಟೇ ನಡಿಗೆ. ಆಮೇಲೆ ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಐದು ನಿಮಿಷ, ಎದೆಗೆ ಹಾಕುವ ಹಾರ್ನೆಸ್ ಹಿಡಿದುಕೊಂಡು ನಿಧಾನಕ್ಕೆ. ಕುತ್ತಿಗೆಯ ಬೆಲ್ಟ್ ಹಿಡಿದು ಎಳೆದರೆ ತೂಕ ತಪ್ಪುತ್ತದೆ. ವಾರಕ್ಕೆ ಐದೈದು ನಿಮಿಷ ಏರಿಸುತ್ತಾ ಹೋಗಿ. ನಡುವೆ ಕೂತುಬಿಟ್ಟರೆ, ಉಳಿದ ಕಾಲು ನಡುಗಿದರೆ ಅವತ್ತಿಗೆ ಸಾಕು. ಮನೆಯಲ್ಲಿ ಕೂರಿಸಿ ಎಬ್ಬಿಸುವ ಆಟ ಆಡಿಸಿ, ತಿಂಡಿ ತೋರಿಸಿ ಐದು ಸಲ ಕೂತು ಏಳಲಿ, ತೊಡೆಗೆ ಅದಕ್ಕಿಂತ ಒಳ್ಳೆಯ ಕಸರತ್ತಿಲ್ಲ. ನಿಂತಿದ್ದಾಗ ತಿಂಡಿಯನ್ನು ಮೂಗಿನ ಮುಂದೆ ಹಿಡಿದು ಎಡಕ್ಕೆ ಬಲಕ್ಕೆ ನಿಧಾನವಾಗಿ ಸರಿಸಿದರೆ ತೂಕ ಬದಲಿಸುವುದು ಕಲಿಯುತ್ತಾಳೆ. ಇವನ್ನೂ ಹೊಲಿಗೆ ಬಿಚ್ಚಿದ ಮೇಲೆಯೇ ಶುರುಮಾಡಿ.

ಊಟ ಸರಳವಾಗಿರಲಿ. 14 ಕೆಜಿಯ ನಾಯಿಗೆ ಈಗ ದಿನಕ್ಕೆ ಸುಮಾರು 600ರಿಂದ 700 ಕ್ಯಾಲೊರಿ ಬೇಕು. ಬೇಯಿಸಿದ ಮೂಳೆಯಿಲ್ಲದ ಕೋಳಿ 200 ಗ್ರಾಂ, ಒಂದೂವರೆ ಬಟ್ಟಲು ಅನ್ನ, ಸ್ವಲ್ಪ ಬೇಯಿಸಿದ ಸಿಹಿಗುಂಬಳ, ಇದನ್ನು ಮೂರು ಹೊತ್ತಿಗೆ ಹಂಚಿ. ಬಿಸಿ ಮಾಡಿದ ಕೋಳಿ ನೀರನ್ನು ಮೇಲೆ ಸುರಿದರೆ ವಾಸನೆಗೇ ಬರುತ್ತಾಳೆ. ಮನೆಯಲ್ಲಿ ಮಾಂಸ ಮಾಡುವುದಿಲ್ಲ ಅಂದರೆ ಮೊಟ್ಟೆ, ಪನೀರ್, ಇಲ್ಲವೇ ಅಂಗಡಿಯ ನಾಯಿ ಆಹಾರ ಕೊಡಿ. ಬರೀ ಹಾಲು ಅನ್ನದಲ್ಲಿ, ಮೊಸರನ್ನದಲ್ಲಿ ಗಾಯ ತುಂಬಲು ಬೇಕಾದಷ್ಟು ಪ್ರೊಟೀನ್ ಸಿಗುವುದಿಲ್ಲ. ಒಗ್ಗರಣೆ ಹಾಕಿದ್ದು, ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಬೇಡವೇ ಬೇಡ. ಇದೇ ಊಟ ತಿಂಗಳುಗಟ್ಟಲೆ ಸಾಗಿದರೆ ಕ್ಯಾಲ್ಸಿಯಂ ಕಮ್ಮಿಯಾಗುತ್ತದೆ, ಅದನ್ನು ಡಾಕ್ಟರಿಗೆ ಹೇಳಿ ಸರಿಮಾಡಿಸಿ. ಪಾಪ ಅಂತ ಬಿಸ್ಕತ್ತು ಹಾಕಿ ಹಾಕಿ ದಪ್ಪ ಮಾಡಬೇಡಿ. ಪಕ್ಕೆ ಸವರಿದರೆ ಎಲುಬು ಕೈಗೆ ಸಿಗಬೇಕು. ಮೂರು ಕಾಲಿನ ಮೇಲೆ ಒಂದು ಕೆಜಿ ಹೆಚ್ಚಾದರೂ ಭಾರವೇ.

ನೆರೆಯವರ ಮಾತಿಗೆ ನನ್ನ ಉತ್ತರ ನೇರವಾಗಿದೆ: ಇಲ್ಲ. ಸೊಂಟದ ಮೇಲೆ ಬೆನ್ನುಮೂಳೆ ಮುರಿದು, ನೋವು ಯಾವ ಔಷಧಿಗೂ ಇಳಿಯದೆ, ಉಚ್ಚೆ ಕಕ್ಕದ ಹಿಡಿತ ಇಲ್ಲದೆ ಹುಣ್ಣಾಗಿ ನರಳುವ ನಾಯಿಗೆ ನಾನೂ ಆ ಸಲಹೆ ಕೊಡುತ್ತೇನೆ, ಕೊಟ್ಟಿದ್ದೇನೆ. ಎರಡು ವರ್ಷದ, ಉಳಿದಂತೆ ಗಟ್ಟಿಯಾದ ನಾಯಿಗೆ ಒಂದು ಹಿಂಗಾಲು ಇಲ್ಲ ಅನ್ನುವುದು ಸಾಯಲು ಕಾರಣವೇ ಅಲ್ಲ. ತನ್ನ ಮೈ ಹೀಗಾಯಿತಲ್ಲ ಅಂತ ನಾಯಿ ಕೊರಗುವುದಿಲ್ಲ.

ಬೀದಿಗೆ ಬಿಡುವ ಪ್ರಶ್ನೆ ಇದಕ್ಕಿಂತ ಕಷ್ಟದ್ದು. ಸಂತಾನಹರಣ ಮಾಡಿದ ನಾಯಿಯನ್ನು ಹಿಡಿದ ಜಾಗಕ್ಕೇ ವಾಪಸ್ ಬಿಡಬೇಕು ಅಂತ ಕೇಂದ್ರ ಸರ್ಕಾರದ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಲ್ಲಿದೆ, ಆರೋಗ್ಯದ ನಾಯಿಗೆ ಅದೇ ಸರಿ. ಮೂರು ಕಾಲಿನಲ್ಲಿ ಬೀದಿಯಲ್ಲಿ ಬದುಕುವ ನಾಯಿಗಳನ್ನೂ ನಾವೆಲ್ಲ ನೋಡಿದ್ದೇವೆ. ಆದರೂ ಕೆಂಪಿಯನ್ನು ಬಿಡಬೇಡಿ ಅನ್ನುತ್ತೇನೆ. ಅವಳಿಲ್ಲದ ಈ ದಿನಗಳಲ್ಲಿ ಅಲ್ಲಿ ಬೇರೆ ನಾಯಿ ಬಂದು ಕೂತಿರಬಹುದು. ಅಟ್ಟಿಸಿಕೊಂಡು ಬಂದರೆ ಅವಳಿಗೆ ತಟ್ಟನೆ ತಿರುಗಲು ಆಗುವುದಿಲ್ಲ, ಬಲಕ್ಕೆ ತಿರುಗುವಾಗ ಬೀಳುತ್ತಾಳೆ. ಅದೇ ಟೆಂಪೊಗಳು ಅದೇ ತಿರುವಿನಲ್ಲಿ ಇನ್ನೂ ಓಡಾಡುತ್ತಿವೆ.

ಹಾಗಂತ ಅವಳ ಬೀದಿಯನ್ನು ಪೂರ್ತಿ ಕಿತ್ತುಕೊಳ್ಳಬೇಕಿಲ್ಲ, ಅದಿರುವುದು ನಿಮ್ಮ ಗೇಟಿನ ಆಚೆಯೇ ಅಲ್ವಾ! ಗಾಯ ಒಣಗಿದ ಮೇಲೆ ದಿನಾ ಸಂಜೆ ಸ್ವಲ್ಪ ಹೊತ್ತು ಗೇಟಿನ ಒಳಗೆ ಅವಳನ್ನು ಕೂರಿಸಿಕೊಂಡು ನೀವೂ ಕೂತಿರಿ. ಹಳೆಯ ಜೊತೆಗಾರರು ಬಂದು ಸರಳಿನ ಸಂದಿಯಲ್ಲಿ ಮೂಸಲಿ. ಬಾಲ ಸಡಿಲವಾಗಿ ಆಡುತ್ತಿದ್ದರೆ ಸಂತೋಷ, ಎರಡು ಕಡೆಯೂ ಬಿಗಿಯಾದರೆ ಅವತ್ತಿಗೆ ಒಳಗೆ ಬನ್ನಿ. ನಡಿಗೆಗೆ ಹೋದಾಗ ಅವಳ ಹಳೆಯ ಜಾಗಗಳ ಮುಂದೆ ನಿಲ್ಲಿ, ಎಷ್ಟು ಹೊತ್ತು ಬೇಕೋ ಅಷ್ಟು ಮೂಸಲಿ, ದೂರ ಹೋಗುವುದಕ್ಕಿಂತ ಇದು ಅವಳಿಗೆ ದೊಡ್ಡದು. ನಿಮಗೆ ಸಾಕಲು ಆಗುವುದೇ ಇಲ್ಲ ಅಂದರೆ ಕಾಂಪೌಂಡ್ ಇರುವ ಇನ್ನೊಂದು ಮನೆ ಹುಡುಕಿ, ಆತುರ ಬೇಡ, ಎರಡು ಮೂರು ತಿಂಗಳು ಬೇಕಾಗಬಹುದು.

ಹೊಲಿಗೆ ಬಿಚ್ಚಿಸಲು ಹೋದಾಗ ಮೂರು ವಿಷಯ ಕೇಳಿಕೊಂಡು ಬನ್ನಿ. ಒಂದು, ಗರ್ಭ ಇದೆಯಾ ಅಂತ ನೋಡಿದ್ದಾರಾ, ಸಂತಾನಹರಣ ಆಪರೇಷನ್ ಯಾವಾಗ ಮಾಡಬಹುದು. ಒಂದು ಹಿಂಗಾಲಿನ ಮೇಲೆ ಬಸುರಿನ ಭಾರ ಅವಳಿಗೆ ಬೇಡ, ಬೆದೆಗೆ ಬಂದರೆ ಗೇಟಿನ ಮುಂದೆ ಸೇರುವ ಗಂಡುನಾಯಿಗಳ ಕಾಟವೂ ಬೇಡ. ಎರಡು, ರೇಬಿಸ್ ಜೊತೆಗೆ ಡಿಸ್ಟೆಂಪರ್, ಪಾರ್ವೊ, ಇಲಿಜ್ವರದ ಲಸಿಕೆ ಯಾವತ್ತಿನಿಂದ ಶುರು. ನಿಮ್ಮ ಕಡೆಯ ಮಳೆಗೆ ಇಲಿಜ್ವರದ ಲಸಿಕೆ ಬಿಡಬಾರದು. ಮೂರು, ಉಣ್ಣೆಗೆ ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ. ನೋವಿನ ಮಾತ್ರೆ ಬದಲಿಸಿದ ಮೇಲೂ ನಾಲ್ಕು ದಿನಕ್ಕೆ ರಾತ್ರಿಯ ಅಳು ಕಮ್ಮಿಯಾಗದಿದ್ದರೆ, ನಿಮ್ಮ ಊರಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಒಮ್ಮೆ ತೋರಿಸಿ. ಹೋಗುವಾಗ ಹಳೆಯ ಚೀಟಿ, ಎಕ್ಸ್‌ರೇ, ರಾತ್ರಿ ಅವಳು ಬೆಚ್ಚಿ ತಿರುಗುವುದನ್ನು ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಜೊತೆಗಿರಲಿ. ಆಸ್ಪತ್ರೆಯಲ್ಲಿ ಗಾಬರಿಗೆ ಅವಳು ನೋವು ತೋರಿಸುವುದಿಲ್ಲ, ಡಾಕ್ಟರಿಗೆ ಆ ವಿಡಿಯೊನೇ ಬೇಕಾಗುತ್ತದೆ.